ಇಳಿಸಿದ ಸ್ವಿಫ್ಟ್‌ನ ಮುಂದಿನ ಚಕ್ರ ನೆಟ್ಟಗಾಗಿದ್ದು

ಗಾಡಿ ತೊಳೆಯುವಾಗ ಬೆರಳಿಗೆ ಏನೋ ಚುಚ್ಚಿತು. ಸ್ಟೇರಿಂಗ್ ಪೂರ್ತಿ ತಿರುಗಿಸಿಟ್ಟು, ಎಡಗಡೆ ಮುಂದಿನ ಚಕ್ರದ ಹಿಂದೆ ಕೈ ಹಾಕಿ ಕೆಸರು ಕೀಳುತ್ತಿದ್ದೆ. ಮುಳ್ಳಿರಬೇಕು ಅಂದುಕೊಂಡು ಬಗ್ಗಿ ಟಾರ್ಚ್ ಬಿಟ್ಟೆ. ಮುಳ್ಳಲ್ಲ, ಟೈರಿನದೇ ತಂತಿ. ಒಳಗಿನ ಅಂಚಿನಲ್ಲಿ ಎರಡು ಬೆರಳಗಲ ರಬ್ಬರ್ ಪೂರ್ತಿ ಸವೆದುಹೋಗಿತ್ತು. ಹೊರಗಿನ ಅಂಚು ಮಾತ್ರ ಹೊಸದರ ಹಾಗೇ ಇತ್ತು. ಹಾಕಿಸಿ 11,000 ಕಿಲೋಮೀಟರ್ ಆಗಿತ್ತು ಅಷ್ಟೆ. ಹಿಂದಿನ ವಾರ ಹೆಂಡತಿ, ಮಗಳನ್ನು ಕೂರಿಸಿಕೊಂಡು ಮಳೆಯಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಬಂದಿದ್ದು ಇದೇ ಟೈರಿನಲ್ಲಿ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ನನ್ನದು 2014ರ ಸ್ವಿಫ್ಟ್ ಡೀಸೆಲ್. ಗಿಡ್ಡ ಸ್ಪ್ರಿಂಗ್ ಹಾಕಿಸಿ ಸುಮಾರು 40 ಮಿ.ಮೀ. ಇಳಿಸಿದ್ದೇನೆ. ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ, ನೋಡಲೂ ಚಂದ. ಇಳಿಸಿದ್ದಕ್ಕೆ ನನಗೆ ಬೇಜಾರಿಲ್ಲ. ಅಲೈನ್‌ಮೆಂಟ್ (ಚಕ್ರಗಳ ಓರೆ ಅಳೆದು ಸರಿ ಮಾಡುವುದು) ಕೂಡ ಮಾಡಿಸಿದ್ದೆ, ಸ್ಪ್ರಿಂಗ್ ಹಾಕಿದ ಅವತ್ತೇ ಸಂಜೆ. ತಪ್ಪಾಗಿದ್ದು ಅಲ್ಲೇ. ಹೊಸ ಸ್ಪ್ರಿಂಗ್ ಕೂರಬೇಕು. ಒಂದೆರಡು ವಾರ ಗುಂಡಿ, ಹಂಪ್ ಎಲ್ಲ ಹತ್ತಿ ಇಳಿದ ಮೇಲೆ ಗಾಡಿ ಇನ್ನೊಂದಿಷ್ಟು ಕೆಳಗೆ ಬರುತ್ತದೆ. ಆ ಎತ್ತರಕ್ಕೆ ಅಲೈನ್‌ಮೆಂಟ್ ಆಗಬೇಕಿತ್ತು.

ಸ್ವಿಫ್ಟ್‌ನ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಒಂದೇ ಕಂಬ. ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಬಾಡಿಗೆ, ಕೆಳತುದಿ ಎರಡು ಬೋಲ್ಟ್‌ನಲ್ಲಿ ನಕಲ್‌ಗೆ, ಅಂದರೆ ಚಕ್ರವನ್ನು ಹೊತ್ತಿರುವ ಲೋಹದ ತುಂಡಿಗೆ. ನಕಲ್‌ನ ಬುಡವನ್ನು ಲೋವರ್ ಆರ್ಮ್ ಅನ್ನುವ ಅಡ್ಡ ತೋಳು ಹಿಡಿದಿರುತ್ತದೆ. ಕಂಪನಿ ಎತ್ತರದಲ್ಲಿ ಆ ಆರ್ಮ್ ಚಕ್ರದ ಕಡೆಗೆ ಇಳಿಜಾರಾಗಿರುತ್ತದೆ. ಗಾಡಿ ಇಳಿಸಿದರೆ ಅದು ಮಟ್ಟಕ್ಕೆ ಬರುತ್ತದೆ, ಬರುತ್ತಾ ಚಕ್ರದ ಬುಡವನ್ನು ಹೊರಗೆ ತಳ್ಳುತ್ತದೆ. ಬುಡ ಹೊರಗೆ, ತಲೆ ಒಳಗೆ. ಇದೇ ನೆಗೆಟಿವ್ ಕ್ಯಾಂಬರ್. ಜೊತೆಗೆ ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ನ ಓರೆಯೂ ಬದಲಾಗಿ ಟೋ, ಅಂದರೆ ಚಕ್ರ ನೋಡುವ ದಿಕ್ಕು, ಕೆಡುತ್ತದೆ. ಮೇಲಿನಿಂದ ನೋಡಿದರೆ ಎರಡು ಚಕ್ರಗಳು ನೇರ ಮುಂದಕ್ಕೆ ನೋಡದೆ ಒಂದು ಆಚೆಗೆ, ಒಂದು ಈಚೆಗೆ ನೋಡುತ್ತವೆ.

ತಂತಿ ಚುಚ್ಚಿದ ಮರುದಿನ ಒಂದು ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಮಷಿನ್ ತೋರಿಸಿದ್ದು: ಕ್ಯಾಂಬರ್ ಎಡಕ್ಕೆ ಮೈನಸ್ 1 ಡಿಗ್ರಿ 35 ಮಿನಿಟ್, ಬಲಕ್ಕೆ ಮೈನಸ್ 1 ಡಿಗ್ರಿ 10 ಮಿನಿಟ್. ಟೋ ಎರಡೂ ಕಡೆ 18 ಮಿನಿಟ್ ಹೊರಗೆ. (ಸ್ಕ್ರೀನ್ ಮೇಲೆ 1.35 ಅಂತ ಕಂಡರೆ ಅದು ಒಂದು ಡಿಗ್ರಿ ಮೂವತ್ತೈದು ಮಿನಿಟೋ, ದಶಮಾಂಶವೋ ಅಂತ ಕೇಳಿಕೊಳ್ಳಿ. ಡಿಗ್ರಿಗೆ 60 ಮಿನಿಟ್, ಎರಡಕ್ಕೂ ವ್ಯತ್ಯಾಸ ಇದೆ.) ಹುಡುಗ ಒಂದು ಹೈಡ್ರಾಲಿಕ್ ಜಾಕಿ ತಂದು ಶಾಕ್ ಅಬ್ಸಾರ್ಬರ್‌ಗೆ ಆನಿಸಿದ.

"ಏನಪ್ಪಾ ಇದು?" ಅಂದೆ.

"ಕ್ಯಾಂಬರ್‌ಗೆ ಸಾರ್. ಒಂಚೂರು ಒತ್ತಿದ್ರೆ ಬಂದ್ಬಿಡುತ್ತೆ. ಎಲ್ಲಾ ಗಾಡಿಗೂ ಹಿಂಗೇ ಮಾಡೋದು."

ಒತ್ತುವುದು ಅಂದರೆ ಬಗ್ಗಿಸುವುದು. ಶಾಕ್ ಅಬ್ಸಾರ್ಬರ್ ಒಳಗೆ ಒಂದು ರಾಡ್ ದಿನಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡಾಡುತ್ತದೆ. ಆ ಕೊಳವೆ ಸ್ವಲ್ಪ ಬಾಗಿದರೂ ರಾಡ್ ಒಂದು ಕಡೆ ಉಜ್ಜಿಕೊಂಡು ಸೀಲ್ ಹೋಗುತ್ತದೆ, ಎಣ್ಣೆ ಸೋರುತ್ತದೆ. ಪ್ರಿಂಟ್ ಮಾತ್ರ ತೆಗೆದುಕೊಂಡು, ದುಡ್ಡು ಕೊಟ್ಟು ಹೊರಟೆ. ದಯವಿಟ್ಟು ನೀವೂ ನಿಮ್ಮ ಗಾಡಿಗೆ ಇದನ್ನು ಮಾಡಿಸಬೇಡಿ. ಚಕ್ರ ಓರೆಯಾಗಿದ್ದು ಎತ್ತರ ಬದಲಾಗಿದ್ದಕ್ಕೆ, ಯಾವ ಪಾರ್ಟೂ ಬಾಗಿಲ್ಲ. ಬಾಗದೇ ಇರುವುದನ್ನು ಬಗ್ಗಿಸಿ ಲೆಕ್ಕ ಸರಿ ಮಾಡುವುದು ಯಾವ ನ್ಯಾಯ?

ಮನೆಗೆ ಬಂದು ಪ್ರಿಂಟ್ ಮುಂದಿಟ್ಟುಕೊಂಡು ಕೂತೆ. ಎಲ್ಲರೂ ಕ್ಯಾಂಬರ್ ಕ್ಯಾಂಬರ್ ಅನ್ನುತ್ತಾರೆ. ಟೈರ್ ತಿಂದಿದ್ದು ಜಾಸ್ತಿ ಟೋ. 18 ಮಿನಿಟ್ ಅಂದರೆ 0.3 ಡಿಗ್ರಿ. ಚಕ್ರ ಅಷ್ಟು ಓರೆಯಾಗಿ ಉರುಳಿದರೆ ಲೆಕ್ಕದ ಪ್ರಕಾರ ಕಿಲೋಮೀಟರಿಗೆ ಐದು ಮೀಟರ್ ಪಕ್ಕಕ್ಕೆ ತಿಕ್ಕಿದ ಹಾಗೆ. ಇಲ್ಲಿಂದ ಬೆಂಗಳೂರು ಹತ್ತಿರ ಹತ್ತಿರ 300 ಕಿಲೋಮೀಟರ್. ಒಂದು ಸಲ ಹೋಗುವಷ್ಟರಲ್ಲಿ ಒಂದೂವರೆ ಕಿಲೋಮೀಟರ್ ಟೈರನ್ನು ಅಡ್ಡಡ್ಡ ಎಳೆದಂತೆ! ಕ್ಯಾಂಬರ್ ಭಾರವನ್ನೆಲ್ಲ ಒಳ ಅಂಚಿಗೆ ಹಾಕಿತ್ತು, ಟೋ ಅದನ್ನು ಅಲ್ಲೇ ಉಜ್ಜಿತ್ತು.

ಮಷಿನ್ ಹೇಳಿದ್ದು ನಿಜವಾ ಅಂತ ನೋಡಬೇಕು ಅನ್ನಿಸಿತು. ಅಪ್ಪ ಗಾರೆ ಕೆಲಸ ಮಾಡಿಸುತ್ತಿದ್ದವರು, ತೂಕದ ಗುಂಡು ಇನ್ನೂ ಇಟ್ಟುಕೊಂಡಿದ್ದಾರೆ. ಎಡಗಡೆ ಮುಂದಿನ ಮಡ್‌ಗಾರ್ಡ್ ಅಂಚಿನಿಂದ ದಾರ ಇಳಿಬಿಟ್ಟೆವು. ಗುಂಡು ಅಲ್ಲಾಡುವುದು ನಿಲ್ಲುವವರೆಗೆ ಅಪ್ಪ ಉಸಿರು ಬಿಗಿಹಿಡಿದು ಕೂತಿದ್ದರು. ದಾರದಿಂದ ರಿಮ್ಮಿನ ಕೆಳ ಅಂಚಿಗೆ, ಮೇಲಿನ ಅಂಚಿಗೆ ಸ್ಕೇಲ್ ಹಿಡಿದೆ. ಮೇಲಿನದು 11 ಮಿ.ಮೀ. ಜಾಸ್ತಿ. 14 ಇಂಚಿನ ರಿಮ್ ಅಂಚಿನಿಂದ ಅಂಚಿಗೆ ಸುಮಾರು 390 ಮಿ.ಮೀ. ಬರುತ್ತದೆ. ಲೆಕ್ಕ ಹಾಕಿದರೆ 1 ಡಿಗ್ರಿ 37 ಮಿನಿಟ್. ಮಷಿನ್ ಹೇಳಿದ್ದಕ್ಕೂ ಇದಕ್ಕೂ ಎರಡೇ ಮಿನಿಟ್ ವ್ಯತ್ಯಾಸ. "ನಿಂದು ಗೋಡೆ ವಾಲಿದೆ ಕಣೋ" ಅಂದರು ಅಪ್ಪ. ಮನೆ ಮುಂದಿನ ಗಾರೆ ನೆಲ ನೀರು ಹರಿಯಲಿ ಅಂತ ಇಳಿಜಾರಿರುತ್ತದೆ. ಅದಕ್ಕೇ ಗಾಡಿಯನ್ನು ತಿರುಗಿಸಿ ನಿಲ್ಲಿಸಿ ಇನ್ನೊಂದು ಸಲ ಅಳೆದು, ಎರಡರ ಸರಾಸರಿ ಹಿಡಿದಿದ್ದೆವು.

ಸ್ವಿಫ್ಟ್‌ನಲ್ಲಿ ಮುಂದಿನ ಕ್ಯಾಂಬರ್‌ಗೆ ಕಂಪನಿ ಅಡ್ಜಸ್ಟ್‌ಮೆಂಟ್ ಕೊಟ್ಟಿಲ್ಲ. ಆದರೆ ಸ್ಟ್ರಟ್ ನಕಲ್‌ಗೆ ಕೂರುವುದು ಎರಡು ಬೋಲ್ಟ್‌ನಲ್ಲಿ ಅಲ್ವಾ, ದಾರಿ ಇರುವುದು ಅಲ್ಲೇ. ಮೇಲಿನ ಬೋಲ್ಟ್ ತೆಗೆದು ಕ್ಯಾಂಬರ್ ಬೋಲ್ಟ್ ಹಾಕಬೇಕು. ಅದರ ಮೈ ತೆಳ್ಳಗೆ, ಮಧ್ಯೆ ಒಂದು ಕಡೆ ಮಾತ್ರ ಉಬ್ಬು. ಬೋಲ್ಟ್ ತಿರುಗಿಸಿದರೆ ಆ ಉಬ್ಬು ನಕಲ್‌ನ ತಲೆಯನ್ನು ಹೊರಕ್ಕೋ ಒಳಕ್ಕೋ ನೂಕುತ್ತದೆ. ರಂಧ್ರದ ಅಳತೆ ನೋಡಿಯೇ ತರಿಸಬೇಕು.

ನಮ್ಮ ಬೀದಿಯ ಗ್ಯಾರೇಜ್ ಮೇಸ್ತ್ರಿ ಜೊತೆ ಒಂದು ಭಾನುವಾರ ಕೂತೆ. ನಕಲ್ ಮತ್ತು ಸ್ಟ್ರಟ್ ಸೇರುವ ಮುಖಗಳನ್ನು ವೈರ್ ಬ್ರಶ್‌ನಲ್ಲಿ ಉಜ್ಜಿದೆವು. ಅಭ್ಯಾಸಬಲದಿಂದ ಮೇಸ್ತ್ರಿ ಗ್ರೀಸ್ ಡಬ್ಬಿಗೆ ಕೈ ಹಾಕಿದರು. "ಬೇಡ ಅಣ್ಣ, ಅಲ್ಲಿ ಹಿಡಿತಾನೇ ಬೇಕಾಗಿರೋದು" ಅಂದೆ. ಆ ಎರಡು ಲೋಹ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲಬೇಕು, ಜಾರಬಾರದು. ಮೈ ತೆಳ್ಳಗಿರುವುದರಿಂದ ಹಳೇ ಬೋಲ್ಟ್‌ಗೆ ಕೊಡುವ ಬಿಗಿ ಇದಕ್ಕೆ ಕೊಡಬಾರದು. ಬೋಲ್ಟ್ ಜೊತೆ ಬಂದ ಚೀಟಿಯಲ್ಲಿದ್ದ ಅಳತೆಗೆ ಟಾರ್ಕ್ ರೆಂಚ್ (ಬಿಗಿ ಅಳೆಯುವ ಪಾನಾ) ಇಟ್ಟು ಬಿಗಿದೆವು.

ಇನ್ನೊಂದು ಕೆಲಸ ಅವತ್ತೇ ಮಾಡಿದೆವು. ಲೋವರ್ ಆರ್ಮ್ ಗಾಡಿಗೆ ಸೇರುವಲ್ಲಿರುವ ರಬ್ಬರ್ ಬುಷ್‌ನ ಬೋಲ್ಟ್‌ಗಳನ್ನು ಸಡಿಲಿಸಿ, ಗಾಡಿ ತನ್ನ ಕಾಲ ಮೇಲೆ ನಿಂತ ಮೇಲೆ ಮತ್ತೆ ಬಿಗಿದೆವು. ಬುಷ್‌ನ ರಬ್ಬರ್ ಹಳೇ ಎತ್ತರಕ್ಕೆ ಕೂತಿರುತ್ತದೆ. ಹಾಗೇ ಬಿಟ್ಟರೆ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಆಮೇಲೆ ಬೇರೆ ಅಂಗಡಿ. ನಾಲ್ಕು ಟೈರಿಗೂ ಗಾಳಿ ಸರಿ ಮಾಡಿಸಿ, ಡ್ರೈವರ್ ಸೀಟಿನಲ್ಲಿ ನನ್ನ ತೂಕದ ಅಕ್ಕಿ ಮೂಟೆ ಇಟ್ಟಿದ್ದೆ. ಅಲ್ಲಿನವರು ತಾಳ್ಮೆಯಿಂದ ಕೇಳಿಸಿಕೊಂಡರು. ಮೊದಲು ಕ್ಯಾಂಬರ್, ಅದು ಬಿಗಿಯಾದ ಮೇಲೆ ಟೋ. ಉಲ್ಟಾ ಮಾಡಿದರೆ ಪ್ರಯೋಜನ ಇಲ್ಲ, ಕ್ಯಾಂಬರ್ ಮುಟ್ಟಿದ ತಕ್ಷಣ ಟೋ ಬದಲಾಗುತ್ತದೆ. ಎರಡೂ ಕಡೆ ಮೈನಸ್ 40 ಮಿನಿಟ್‌ಗೆ ನಿಲ್ಲಿಸಿದೆವು. ಸೊನ್ನೆಗೆ ತರಬೇಕೆಂದು ನನಗಿರಲಿಲ್ಲ. ತಿರುವಿನಲ್ಲಿ ಬಾಡಿ ವಾಲಿದಾಗ ಹೊರಗಿನ ಟೈರ್ ನೆಲಕ್ಕೆ ಮಟ್ಟವಾಗಿ ಕೂರಲು ಅಷ್ಟು ಓರೆ ಒಳ್ಳೆಯದು. ಎಡ ಬಲ ಒಂದೇ ಇರುವುದು ಮುಖ್ಯ, ಇಲ್ಲದಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಟೋ ಸೊನ್ನೆ. ಸ್ಟೇರಿಂಗನ್ನು ಅಲ್ಲಾಡದಂತೆ ನೇರ ಹಿಡಿದಿಟ್ಟೇ ಟೈ ರಾಡ್ ತಿರುಗಿಸಿದ್ದರಿಂದ ಸ್ಟೇರಿಂಗ್ ಕೂಡ ನೆಟ್ಟಗೆ ನಿಂತಿತು.

ಹೊಸ ಟೈರ್ ಹಾಕಿ ಈಗ 7,000 ಕಿಲೋಮೀಟರ್. ಟೈರಿನ ಗೆರೆಯ ಆಳ ಅಳೆಯುವ ಗೇಜ್ ಇಟ್ಟು ನೋಡಿದರೆ ಒಳಗಿನ ಗೆರೆಗೂ ಹೊರಗಿನ ಗೆರೆಗೂ ಅರ್ಧ ಮಿ.ಮೀ. ವ್ಯತ್ಯಾಸ ಕೂಡ ಇಲ್ಲ. ಬೋಲ್ಟ್ ಬಿಗಿದ ದಿನ ಅದರ ತಲೆಯಿಂದ ಸ್ಟ್ರಟ್‌ವರೆಗೆ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದಿದ್ದೆ, ಜರುಗಿದರೆ ಗೊತ್ತಾಗಲಿ ಅಂತ. ಗಾಡಿ ತೊಳೆಯುವಾಗಲೆಲ್ಲ ಟಾರ್ಚ್ ಬಿಟ್ಟು ನೋಡುತ್ತೇನೆ. ಗೆರೆ ಇನ್ನೂ ಒಂದೇ ಸಾಲಿನಲ್ಲಿದೆ.