ಒಂದೇ ಡಬ್ಬಿ ಗುಂಡು, ನೂರು ವರ್ಷದ ವೆಬ್ಲಿ

ನಾನು ಅಮೆರಿಕದ ಅರಿಜೋನಾದಲ್ಲಿ ಒಂದು ಶೂಟಿಂಗ್ ರೇಂಜಿನಲ್ಲಿ ಕಲಿಸುವ ಕೆಲಸ ಮಾಡುತ್ತೇನೆ. ಬರುವವರಲ್ಲಿ 9 ಎಂಎಂ ಪಿಸ್ತೂಲಿನವರೇ ಜಾಸ್ತಿ. ಅವರಿಗೆ ಗುಂಡಿನ ಕೊರತೆ ಇಲ್ಲ. ಒಂದು ತಪ್ಪಿದರೆ ಇನ್ನೊಂದು ಹೊಡೆಯುತ್ತಾರೆ. ಆಗಾಗ ಯಾರಾದರೂ ತಾತನ ವೆಬ್ಲಿ ರಿವಾಲ್ವರ್ ಹಿಡಿದು ಬರುತ್ತಾರೆ, ಜೊತೆಗೆ ಒಂದೇ ಡಬ್ಬಿ ಗುಂಡು. ಇಂಥವರಿಗೆ ಕಲಿಸುತ್ತಾ ನನ್ನ ಪಾಠದ ಕ್ರಮವೇ ಬದಲಾಗಿದೆ.

ವೆಬ್ಲಿ ಮಾರ್ಕ್ 6 ಬ್ರಿಟಿಷ್ ಸೈನ್ಯಕ್ಕೆ ಸೇರಿದ್ದು 1915ರಲ್ಲಿ. ಒಂದು ಕಿಲೋಗೂ ಜಾಸ್ತಿ ತೂಕ, .455 ಕ್ಯಾಲಿಬರ್ (ಗುಂಡಿನ ಅಗಲ, ಇಂಚಿನಲ್ಲಿ), ಆರು ಗುಂಡು. 1930ರ ದಶಕದಲ್ಲಿ ಸೈನ್ಯ ಸಣ್ಣ .38 ಗುಂಡಿನ ಕಡೆ ತಿರುಗಿತು. ಈಗ .455 ಗುಂಡು ತಯಾರಿಸುವವರು ತೀರಾ ಕಡಿಮೆ. ಇಟಲಿಯ ಫಿಯೋಕಿ ಕಂಪನಿಯದು ಸಿಗುತ್ತದೆ, ಆದರೆ ಬೇಕೆಂದಾಗ ಅಂಗಡಿಯಲ್ಲಿ ಇರುವುದಿಲ್ಲ. ಇದ್ದರೂ ದುಬಾರಿ.

ಮೊದಲು ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಭಾಗ, ನೋಡುತ್ತೇನೆ. ಅಮೆರಿಕಕ್ಕೆ ಬಂದ ಎಷ್ಟೋ ವೆಬ್ಲಿಗಳ ಸಿಲಿಂಡರಿನ ಹಿಂಭಾಗವನ್ನು ಸವೆಸಿ, .45 ಎಸಿಪಿ ಎಂಬ ಪಿಸ್ತೂಲಿನ ಗುಂಡು ಕೂರುವಂತೆ ಮಾಡಿದ್ದಾರೆ. ಅದು ಅಗ್ಗ, ಎಲ್ಲ ಕಡೆ ಸಿಗುತ್ತದೆ. ಹಾಗಾಗಿ ಜನರಿಗೆ ಖುಷಿ. ನಾನು ಬೇಡ ಎನ್ನುತ್ತೇನೆ. ಎಸಿಪಿಯ ಒತ್ತಡದ ಮಿತಿ 21,000 ಪಿಎಸ್ಐ (ಚದರ ಇಂಚಿಗೆ ಪೌಂಡ್). ಈ ರಿವಾಲ್ವರನ್ನು ಕಟ್ಟಿದ್ದು ಅದಕ್ಕಿಂತ ತುಂಬಾ ಕಡಿಮೆ ಒತ್ತಡದ ಗುಂಡಿಗೆ. ಸಿಲಿಂಡರ್ ಒಡೆದರೆ ಕೈ ಹೋಗುತ್ತದೆ.

ಆಮೇಲೆ ಖಾಲಿ ರಿವಾಲ್ವರಿನ ಅಭ್ಯಾಸ. ಅಸಲಿ ಗುಂಡು ಅಭ್ಯಾಸ ಮಾಡುವ ಕೋಣೆಯಲ್ಲೇ ಇರಬಾರದು. ಸಿಲಿಂಡರಿನ ಆರೂ ಗೂಡುಗಳಿಗೆ ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ನಕಲಿ ಗುಂಡು ಹಾಕಬೇಕು. ವೆಬ್ಲಿಯ ಹ್ಯಾಮರಿಗೇ (ಗುಂಡಿನ ತಳಕ್ಕೆ ಬಡಿಯುವ ಸುತ್ತಿಗೆ) ಪಿನ್ ಸೇರಿಕೊಂಡಿದೆ. ಸುಮ್ನೆ ಖಾಲಿ ಹೊಡೆಯುತ್ತಿದ್ದರೆ ಅದು ಮುರಿಯಬಹುದು, ಬದಲಿ ಭಾಗ ಹುಡುಕುವುದು ಕಷ್ಟ. ಡಬಲ್ ಆಕ್ಷನ್ನಿನಲ್ಲಿ, ಅಂದರೆ ಒಂದೇ ಎಳೆತ ಹ್ಯಾಮರನ್ನು ಎತ್ತಿ ಬೀಳಿಸುವಾಗ, ಟ್ರಿಗರ್ ಭಾರ, ಎಳೆತ ಉದ್ದ. ಅದನ್ನು ಬೆರಳಿಗೆ ರೂಢಿ ಮಾಡಿಸಲು ಒಂದು ಗುಂಡೂ ಬೇಕಿಲ್ಲ. ಮುಂದಿನ ಸೈಟ್ (ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮೊನೆ) ಅಲುಗದೆ ಹ್ಯಾಮರ್ ಬೀಳಬೇಕು, ಅಷ್ಟೇ.

ನನಗೆ ತುಂಬಾ ಇಷ್ಟವಾದ ಪಾಠ ಇದರ ನಂತರದ್ದು. ರಿವಾಲ್ವರನ್ನು ನಾನೇ ತುಂಬುತ್ತೇನೆ. ಎರಡು ಅಸಲಿ, ನಾಲ್ಕು ಈಗಾಗಲೇ ಹೊಡೆದ ಖಾಲಿ ಕೇಸು, ಅಂದರೆ ಗುಂಡು ಹಾರಿಹೋದ ಹಿತ್ತಾಳೆ ಕೊಳವೆ. ಸಿಲಿಂಡರ್ ತಿರುಗಿಸಿ, ಮುಚ್ಚಿ, ನಳಿಗೆ ಗುರಿಯ ಕಡೆಗೇ ಇರುವಂತೆ ಕೊಡುತ್ತೇನೆ. ಯಾವುದು ಸಿಡಿಯುತ್ತದೆ ಎಂದು ಕಲಿಯುವವರಿಗೆ ಗೊತ್ತಿಲ್ಲ. ಗುಂಡು ಸಿಡಿದಾಗ ಕೈ ಏನು ಮಾಡಿತು ಎಂದು ಯಾರಿಗೂ ಕಾಣುವುದಿಲ್ಲ, ಒದೆತ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಖಾಲಿ ಕೇಸಿನ ಮೇಲೆ ಹ್ಯಾಮರ್ ಬಿದ್ದಾಗ ಮಾತ್ರ ನಳಿಗೆ ತಟ್ಟನೆ ಕೆಳಗೆ ಬಗ್ಗುವುದು ಕಾಣುತ್ತದೆ. ಸದ್ದಿಗೆ ಹೆದರಿ ಕೈ ಮುಂಚೆಯೇ ತಳ್ಳಿರುತ್ತದೆ. ನಾನು ಬಾಯಿ ಬಿಡಬೇಕಾಗಿಲ್ಲ, ಅವರೇ ನೋಡಿಕೊಳ್ಳುತ್ತಾರೆ. ನೂರು ಗುಂಡು ಸುರಿದು ಕಲಿಯುವವರಿಗೆ ಇದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಅಸಲಿ ಗುಂಡಿಗೆ ಇನ್ನೊಂದು ನಿಯಮ. ಹೊಡೆದ ಮೇಲೆ ಗುರಿಹಲಗೆ ನೋಡುವ ಮೊದಲೇ ಗುಂಡು ಎಲ್ಲಿ ಬಿತ್ತು ಎಂದು ಹೇಳಬೇಕು. ಮೇಲೆ, ಕೆಳಗೆ, ಎಡಕ್ಕೆ. ಹೇಳಬೇಕೆಂದರೆ ಹ್ಯಾಮರ್ ಬೀಳುವ ಕ್ಷಣದಲ್ಲಿ ಸೈಟ್ ನೋಡಿರಲೇಬೇಕು, ಅಲ್ವಾ? ಈಗ ಇದನ್ನು 9 ಎಂಎಂನವರಿಗೂ ಮಾಡಿಸುತ್ತೇನೆ. ಮೊದಮೊದಲು ಗೊಣಗುತ್ತಾರೆ.

ಕೊನೆಗೆ ಕೇಸುಗಳು. ವೆಬ್ಲಿಯ ಚಿಲಕ ಒತ್ತಿ ನಳಿಗೆ ಕೆಳಗೆ ಬಗ್ಗಿಸಿದರೆ ಆರೂ ಒಟ್ಟಿಗೆ ಹೊರಗೆ ಹಾರುತ್ತವೆ. ನಿಧಾನವಾಗಿ ತೆರೆದು ಅಂಗೈಯಲ್ಲಿ ಹಿಡಿಯಲು ಕಲಿಸುತ್ತೇನೆ. ಹಿತ್ತಾಳೆ ಕೇಸು ಚೆನ್ನಾಗಿದ್ದರೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ತಳದ ಬಿಲ್ಲೆ), ಅಳತೆಯ ಮದ್ದು, ತಳ ಟೊಳ್ಳಾದ 265 ಗ್ರೇನ್ (ಸುಮಾರು 17 ಗ್ರಾಂ) ಸೀಸದ ಗುಂಡು ಹಾಕಿ ಮತ್ತೆ ಬಳಸಬಹುದು. ಬಾಯಿಯ ಹತ್ತಿರ ಸಣ್ಣ ಬಿರುಕು ಕಂಡರೂ ಅದನ್ನು ಬೇರೆ ಇಡಬೇಕು.