ಸಿಪಿಯು ಸುಮ್ಮನಿತ್ತು, ಲೋಡ್ 38 ಇತ್ತು

ಫೋನಿನಲ್ಲಿ ಮೇಲ್ ತೆರೆದುಕೊಳ್ಳದೆ ಸುತ್ತುತ್ತಲೇ ಇತ್ತು. ನಾನೇ ನಡೆಸುವ ಮೇಲ್ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ದೂರದಿಂದ ಲಾಗಿನ್ ಆದರೆ ಪ್ರಾಂಪ್ಟ್ ಬರುವುದಕ್ಕೇ ಒಂದೂವರೆ ನಿಮಿಷ ಹಿಡಿಯಿತು. ಅಪ್‌ಟೈಮ್ ಕಮಾಂಡ್ ಕೊಟ್ಟೆ. ಲೋಡ್ ಆವರೇಜ್, ಅಂದರೆ ಸರದಿಯಲ್ಲಿರುವ ಕೆಲಸಗಳ ಸರಾಸರಿ ಎಣಿಕೆ, 38. ಎರಡು ಕೋರ್, 2 ಜಿಬಿ ರ್‍ಯಾಮ್ ಇರುವ ಪುಟ್ಟ ಯಂತ್ರ ಅದು. ಮನೆಯ ನಾಲ್ಕು ಜನರ ಪತ್ರ ನೋಡಿಕೊಂಡು ದಿನವಿಡೀ 0.2ರ ಆಸುಪಾಸಿನಲ್ಲಿ ಇರುತ್ತಿತ್ತು.

ಹಿಂದಿನ ವಾರವೂ ಒಮ್ಮೆ ಹೀಗಾಗಿತ್ತು. ಆಗ ರೀಬೂಟ್ ಮಾಡಿ ಮುಗಿಸಿದ್ದೆ, ಸರಿಹೋಗಿತ್ತು, ಮರೆತಿದ್ದೆ. ಈ ಸಲ ಕೈ ಅಲ್ಲಿಗೆ ಹೋಗದಂತೆ ತಡೆದುಕೊಂಡೆ. ರೀಬೂಟ್ ಮಾಡಿದರೆ ಕಾರಣವೂ ಅದರ ಜೊತೆಗೇ ಮಾಯವಾಗುತ್ತದೆ.

ಸ್ವಂತ ಮೇಲ್ ಸರ್ವರ್ ಇಟ್ಟವರಿಗೆ ಇಂಥ ಹೊತ್ತಿನಲ್ಲಿ ಮೊದಲು ಬರುವ ಭಯ ಒಂದೇ. ಯಾರೋ ಪಾಸ್‌ವರ್ಡ್ ಕದ್ದು ನಮ್ಮ ಹೆಸರಿನಲ್ಲಿ ಸ್ಪ್ಯಾಮ್ ಕಳಿಸುತ್ತಿದ್ದರೆ? ಐಪಿ ವಿಳಾಸ ಒಮ್ಮೆ ಕಪ್ಪುಪಟ್ಟಿಗೆ ಬಿದ್ದರೆ ಅದನ್ನು ತೆಗೆಸುವ ಪಾಡು ಬೇಡ. ಪತ್ರಗಳನ್ನು ಸ್ವೀಕರಿಸಿ ಕಳಿಸುವ ಪೋಸ್ಟ್‌ಫಿಕ್ಸ್‌ನ ಕ್ಯೂ ನೋಡಿದೆ. 41 ಪತ್ರಗಳಿದ್ದವು, ಎಲ್ಲವೂ ನಮಗೇ ಬಂದವು, ಪತ್ರಗಳನ್ನು ವೈರಸ್, ಸ್ಪ್ಯಾಮ್ ತಪಾಸಣೆಗೆ ಒಯ್ಯುವ ಅಮಾವಿಸ್‌ನ ಬಾಗಿಲಲ್ಲಿ ನಿಂತಿದ್ದವು. ಹೊರಗೆ ಹೋಗುವಂಥದ್ದು ಒಂದೂ ಇರಲಿಲ್ಲ. ಲಾಗ್‌ನಲ್ಲಿ ಅಪರಿಚಿತ ಲಾಗಿನ್ ಇಲ್ಲ. ಪಾಸ್‌ವರ್ಡ್ ಊಹಿಸುವ ಬಾಟ್‌ಗಳ ಕಾಟ ಎಂದಿನಷ್ಟೇ ಇತ್ತು. ಅರ್ಧ ಜೀವ ಬಂತು.

ಇನ್ನು ಸಿಪಿಯು ಏನು ಮಾಡುತ್ತಿದೆ ಎಂದು ತೋರಿಸುವ ಟಾಪ್ ಕಮಾಂಡ್. ಯೂಸರ್ 3%, ವೇಯ್ಟ್ 90ರ ಮೇಲೆ. ಅಂದರೆ ಸಿಪಿಯುಗೆ ಕೆಲಸವೇ ಇರಲಿಲ್ಲ, ಎಲ್ಲರೂ ಡಿಸ್ಕ್‌ಗಾಗಿ ಕಾಯುತ್ತಿದ್ದರು. ಲೋಡ್ ಎಂದರೆ ಸಿಪಿಯು ಮೇಲಿನ ಭಾರ ಎಂದು ಬಹಳ ಜನ ತಿಳಿದಿರುತ್ತಾರೆ, ಲಿನಕ್ಸ್‌ನಲ್ಲಿ ಹಾಗಲ್ಲ. 1993ರಿಂದ ಅದು ಓಡುತ್ತಿರುವ ಪ್ರಾಸೆಸ್‌ಗಳ ಜೊತೆಗೆ, 'ಡಿ' ಸ್ಥಿತಿಯಲ್ಲಿ, ಅಂದರೆ ಎಬ್ಬಿಸಲಾಗದ ನಿದ್ದೆಯಲ್ಲಿ ಕಾಯುತ್ತಿರುವವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನನ್ನ 38ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೀಗೆ ಕಾಯುತ್ತಿದ್ದವು.

ಯಾತಕ್ಕಾಗಿ ಕಾಯುತ್ತಿವೆ ಎಂದು ನೆನಪು-ಡಿಸ್ಕ್‌ಗಳ ಲೆಕ್ಕ ಕೊಡುವ ವಿಎಂಸ್ಟ್ಯಾಟ್ ಹೇಳಿತು. ಸದಾ ಸೊನ್ನೆ ಇರುವ 'ಎಸ್‌ಐ', 'ಎಸ್‌ಒ' ಎರಡೂ ಕಾಲಂಗಳಲ್ಲಿ ಸೆಕೆಂಡಿಗೆ ಸಾವಿರಗಟ್ಟಲೆ. ಸ್ವಾಪ್, ಅಂದರೆ ರ್‍ಯಾಮ್ ಸಾಲದಾಗ ಡಿಸ್ಕ್‌ನ ಮೊರೆ ಹೋಗುವುದು! ನೆನಪಿನಿಂದ ಡಿಸ್ಕ್‌ಗೆ, ಡಿಸ್ಕ್‌ನಿಂದ ನೆನಪಿಗೆ ಪುಟಗಳನ್ನು ಹೊತ್ತು ಹಾಕುವುದೇ ಆ ಬಡಯಂತ್ರದ ಏಕೈಕ ಕೆಲಸವಾಗಿತ್ತು. ಪ್ರಾಸೆಸ್‌ಗಳ ಪಟ್ಟಿ ಕೊಡುವ ಪಿಎಸ್‌ನಲ್ಲಿ 'ಡಿ' ಇದ್ದವನ್ನು ಮಾತ್ರ ಸೋಸಿದೆ. ಸ್ವಾಪ್ ನಡೆಸುವ ಕೆಸ್ವಾಪ್‌ಡಿ, ಪತ್ರ ಓದಲು ಕೊಡುವ ಐಮ್ಯಾಪ್, ಪತ್ರ ಸ್ವೀಕರಿಸುವ ಎಸ್‌ಎಂಟಿಪಿಡಿ, ಮತ್ತು ಎಲ್ಲಕ್ಕಿಂತ ದಪ್ಪನೆಯ, ವೈರಸ್ ಹುಡುಕುವ ಕ್ಲ್ಯಾಮ್‌ಡಿ. ವೈರಸ್ ಗುರುತುಗಳ ಇಡೀ ಕೋಶವನ್ನು ಅದು ನೆನಪಿನಲ್ಲೇ ಇಟ್ಟುಕೊಳ್ಳುತ್ತದೆ, ಹಾಗಾಗಿ 1 ಜಿಬಿ ಮೀರುವುದು ಮಾಮೂಲು. ಅವತ್ತು ಅದರ ಎರಡರಷ್ಟಿತ್ತು.

ಮೊದಲು ಪೋಸ್ಟ್‌ಫಿಕ್ಸ್ ನಿಲ್ಲಿಸಿದೆ. ಪತ್ರ ಕಳೆದುಹೋಗುವ ಭಯವಿರಲಿಲ್ಲ. ಬಾಗಿಲು ಮುಚ್ಚಿದ್ದರೆ ಕಳಿಸುವ ಸರ್ವರ್ ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಬರುತ್ತದೆ. ಕೈಬಿಡುವ ಮುಂಚೆ ಕನಿಷ್ಠ 4-5 ದಿನ ಪ್ರಯತ್ನಿಸಬೇಕೆಂದು ಇಮೇಲ್ ಸಾಗಿಸುವ ನಿಯಮಗಳ ದಾಖಲೆಯಾದ 2008ರ ಆರ್‌ಎಫ್‌ಸಿ 5321 ಹೇಳುತ್ತದೆ. ಇಮೇಲ್ ಮೇಲೆ ನನಗಿರುವ ಪ್ರೀತಿಗೆ ಅದರ ಈ ತಾಳ್ಮೆಯೂ ಒಂದು ಕಾರಣ.

ಕೆಲವು ನಿಮಿಷಗಳಲ್ಲಿ ಯಂತ್ರ ಉಸಿರಾಡತೊಡಗಿತು. ಕ್ಲ್ಯಾಮ್‌ಡಿಗೆ ಹೊಸ ವೈರಸ್ ಗುರುತುಗಳನ್ನು ಇಳಿಸಿಕೊಡುವ ಫ್ರೆಶ್‌ಕ್ಲ್ಯಾಮ್‌ನ ಲಾಗ್ ತೆರೆದೆ. ಲೋಡ್ ಏರುವುದಕ್ಕೆ ನಾಲ್ಕೇ ನಿಮಿಷ ಮೊದಲು ಹೊಸ ಗುರುತುಗಳು ಇಳಿದಿದ್ದವು. ಹಿಂದಿನ ವಾರದ ದಿನವನ್ನೂ ಹುಡುಕಿ ನೋಡಿದೆ, ಅಲ್ಲೂ ಅದೇ.

2020ರಲ್ಲಿ ಬಂದ 0.103ನೇ ಆವೃತ್ತಿಯಿಂದ ಕ್ಲ್ಯಾಮ್‌ಡಿ ಹಳೆಯ ಕೋಶವನ್ನು ಬಳಸುತ್ತಲೇ ಹೊಸದನ್ನು ಪಕ್ಕದಲ್ಲಿ ಕಟ್ಟಿಕೊಳ್ಳುತ್ತದೆ. ತಪಾಸಣೆ ಒಂದು ಕ್ಷಣವೂ ನಿಲ್ಲಬಾರದೆಂಬ ಸದುದ್ದೇಶ, ದೊಡ್ಡ ಸರ್ವರ್‌ಗೆ ಸರಿಯಾದದ್ದೇ. ನನ್ನ 2 ಜಿಬಿಯಲ್ಲಿ ಮಾತ್ರ ಎರಡು ಕೋಶಗಳಿಗೆ ಜಾಗವಿರಲಿಲ್ಲ. ಮಿಕ್ಕ ದಿನಗಳಲ್ಲಿ ಆ ಹೊತ್ತಿಗೆ ಪತ್ರಗಳು ಬರದಿದ್ದರಿಂದ ಹೇಗೋ ದಾಟಿಕೊಂಡಿತ್ತು. ಈ ಎರಡು ಸಲ ಪತ್ರಗಳ ಗುಂಪೇ ಬಂತು, ಸ್ಪ್ಯಾಮ್ ಸೋಸುವ ಸ್ಪ್ಯಾಮ್‌ಅಸಾಸಿನ್ ಕೂಡ ನೆನಪಿನಲ್ಲಿ ಪಾಲು ಕೇಳಿತು, ಸ್ಕ್ಯಾನ್‌ಗೆ ಬೇಕಾದ ಹಳೆಯ ಪುಟಗಳೇ ಸ್ವಾಪ್ ಸೇರಿದವು.

ಕ್ಲ್ಯಾಮ್‌ಡಿಯ ಸಂರಚನೆಯಲ್ಲಿ 'ಕನ್ಕರೆಂಟ್ ಡೇಟಾಬೇಸ್ ರೀಲೋಡ್' ಎಂಬುದನ್ನು 'ನೋ' ಮಾಡಿದೆ. ಅಮಾವಿಸ್‌ನ ಕೆಲಸಗಾರರನ್ನು ನಾಲ್ಕರಿಂದ ಎರಡಕ್ಕಿಳಿಸಿದೆ. ಇನ್ನು ಕೋಶ ಬದಲಾಗುವಾಗ ಪತ್ರಗಳು ಅರೆಗಳಿಗೆ ಕಾಯಬೇಕು, ಅಷ್ಟೇ. ಕ್ಲ್ಯಾಮ್‌ಡಿಯನ್ನು ಮರುಪ್ರಾರಂಭಿಸಿ, ನಾನೇ ಕೈಯಾರೆ ರೀಲೋಡ್ ಮಾಡಿಸಿ ಉಸಿರು ಬಿಗಿಹಿಡಿದು ನೋಡಿದೆ. ಲೋಡ್ 1.7ಕ್ಕೆ ಏರಿ ಇಳಿಯಿತು. ಸ್ವಾಪ್ ಕಾಲಂಗಳು ಸೊನ್ನೆ ಬಿಟ್ಟು ಕದಲಲಿಲ್ಲ.

ಪೋಸ್ಟ್‌ಫಿಕ್ಸ್ ಮತ್ತೆ ಶುರುಮಾಡಿ ಲಾಗ್ ಮುಂದೆ ಕೂತೆ. ಮೊದಲು ಆ 41 ಹೋದವು. ಆಮೇಲೆ, ಬಾಗಿಲು ಮುಚ್ಚಿದ್ದಾಗ ಹಿಂದಿರುಗಿದ್ದವು ಒಂದೊಂದಾಗಿ ಬಂದವು. ಕೊನೆಯದರ ಹೆಡರ್ ತೆರೆದು ನೋಡಿದೆ. ಪತ್ರ ಪ್ರತಿ ಸರ್ವರ್ ತಲುಪಿದ ಸಮಯ ಹೇಳುವ ಎರಡು 'ರಿಸೀವ್ಡ್' ಸಾಲುಗಳ ನಡುವೆ 52 ನಿಮಿಷದ ಅಂತರವಿತ್ತು.