ಪಾಚಿ ಹುಲ್ಲನ್ನು ತಿಂದುಬಿಡ್ತಂತೆ!

“ಹುಲ್ಲನ್ನೆಲ್ಲ ಈ ಪಾಚಿ ತಿಂದುಬಿಡ್ತು ನೋಡಿ.” ಭಾನುವಾರ ಪಕ್ಕದ ಮನೆಯವರು ರೇಕ್ ಹಿಡಿದು ಬೆವರು ಒರೆಸಿಕೊಳ್ಳುತ್ತಾ ಹೇಳಿದ ಮಾತು ವಾರವೆಲ್ಲ ತಲೆ ಕೊರೆಯುತ್ತಿದೆ. ತಿಂದುಬಿಡ್ತಂತೆ! ಬಾಯಿ ಹಾಗಿರಲಿ, ಅದಕ್ಕೆ ಬೇರುಗಳೇ ಇಲ್ಲ. ಮೈಮೇಲೆ ಬಿದ್ದ ನೀರನ್ನು ಎಲೆಯಿಂದಲೇ ಹೀರಿಕೊಂಡು ಬದುಕುತ್ತದೆ, ಬಿಸಿಲಿಗೆ ಒಣಗಿ ಸುಮ್ಮನಿರುತ್ತದೆ, ಮತ್ತೆ ಮಳೆ ಬಂದರೆ ಹಸಿರಾಗುತ್ತದೆ.

ಅವರು ಕಿತ್ತು ಎಸೆದ ರಾಶಿಯಿಂದ ಒಂದು ಎಳೆ ಎತ್ತಿಕೊಂಡೆ. ಕಾಂಡ ಕೆಂಪು, ತೆಳು ಎಲೆಗಳ ಸಂದಿಯಲ್ಲಿ ಎದ್ದು ಕಾಣುತ್ತದೆ. ಎಲೆಯ ಚೂಪು ತುದಿ ಥಟ್ಟನೆ ಹಿಂದಕ್ಕೆ ಬಾಗಿದೆ. ಮೇಲಿನಿಂದ ನೋಡಿದರೆ ಪುಟಾಣಿ ನಕ್ಷತ್ರ. ರೈಟಿಡಿಯಾಡೆಲ್ಫಸ್ ಸ್ಕ್ವಾರೋಸಸ್ ಅನ್ನುವ ಜಾತಿಯ ಪಾಚಿ ಇದೇ. ಯುರೋಪಿನ ಲಾನ್, ಹುಲ್ಲುಗಾವಲುಗಳಲ್ಲಿ ತೀರಾ ಮಾಮೂಲು. ಜನರ ಹಿಂದೆಯೇ ನ್ಯೂಜಿಲೆಂಡಿಗೂ ಹೋಗಿ ನೆಲೆಸಿದೆ.

ನಗು ಬಂದಿದ್ದು ಆ ರೇಕ್ ನೋಡಿ. ಈ ಪಾಚಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜಕಣದ ಕೋಶ ಬಿಡುವುದೇ ಅಪರೂಪ. ಹರಡುವುದೆಲ್ಲ ತುಂಡುಗಳಿಂದ, ಬಿದ್ದಲ್ಲಿ ತುಂಡೇ ಹೊಸ ಗಿಡ. ಹಾಗಾಗಿ ಅವರು ಕೋಪದಲ್ಲಿ ಎಳೆದು ಚೂರು ಮಾಡಿದಷ್ಟೂ ನೆಟ್ಟ ಹಾಗೇ ಆಯ್ತಲ್ವಾ?

“ಹುಲ್ಲನ್ನ ಅಷ್ಟು ಗಿಡ್ಡ ಕತ್ತರಿಸಬೇಡಿ ಸರ್” ಅಂದೆ. “ಅನ್ನಭೇದಿ ಹಾಕ್ತೀನಿ, ನೋಡ್ತಾ ಇರಿ” ಅಂದರು. ಅದೇ, ಫೆರಸ್ ಸಲ್ಫೇಟ್. ಹಾಕಿದರೆ ಪಾಚಿ ಕಪ್ಪಾಗುತ್ತದೆ, ನಿಜ. ಆದರೆ ಮರದ ನೆರಳು, ನೀರು ಇಂಗದ ನೆಲ, ಬುಡಮಟ್ಟ ಕತ್ತರಿಸಿ ಸೊರಗಿದ ಹುಲ್ಲು ಎಲ್ಲ ಹಾಗೇ ಇರುತ್ತವಲ್ಲ. ಹುಲ್ಲು ಸೋತ ಜಾಗಕ್ಕೆ ಪಾಚಿ ಬಂದಿದ್ದು, ಪಾಚಿ ಬಂದು ಹುಲ್ಲು ಸೋತಿದ್ದಲ್ಲ.

ಮನುಷ್ಯ ಒಳ್ಳೆಯವರೇ, ಆದರೆ ಯಾರ ಮೇಲಾದರೂ ಗೂಬೆ ಕೂರಿಸದೆ ಅವರಿಗೆ ಸಮಾಧಾನವಿಲ್ಲ. ಅವರೊಬ್ಬರೇ ಅಂತಲ್ಲ. ಕೆಲಸದ ಜಾಗದಲ್ಲೂ ನೋಡಿದ್ದೇನೆ, ವರ್ಷಗಟ್ಟಲೆ ಹದಗೆಟ್ಟ ಕೆಲಸಕ್ಕೆ ಮೊನ್ನೆ ಸೇರಿದ ಹುಡುಗನನ್ನು ಬೈದು, ಅವನನ್ನು ಕಳಿಸಿ, ಇನ್ನೊಬ್ಬನನ್ನು ತಂದು ಅವನಿಗೂ ಬೈಯುವುದು. ನೆಲ ನೋಡುವ ತಾಳ್ಮೆ ಯಾರಿಗೂ ಇಲ್ಲ.

ನಮ್ಮ ಅಂಗಳದ ಪಾಚಿಯನ್ನು ಹಾಗೇ ಬಿಟ್ಟಿದ್ದೇನೆ. ಕಾಲಿಟ್ಟರೆ ಮೆತ್ತಗೆ ಕುಸಿದು ಮತ್ತೆ ಎದ್ದು ನಿಲ್ಲುತ್ತದೆ, ಬರಿಗಾಲಿಗೆ ಹಿತ. ನಿನ್ನೆ ಅವರು ಬೇಲಿಯಾಚೆಯಿಂದ ಇದನ್ನೇ ದಿಟ್ಟಿಸಿ ನೋಡಿ, “ಓಹೋ, ನಿಮ್ಮ ಕಡೆಯಿಂದಲೇ ಬರ್ತಿರೋದು!” ಅಂದರು.